ಡಗ್ಲಸ್ ಡೈರಿ – 23: ಆಸ್ಟ್ರಿಯಾದ ಉಣುಗು, ನಮ್ಮೂರ ಉಣುಗು

ಮೊನ್ನೆ ನೈಟ್ ಡ್ಯೂಟಿಯ ಟೀ ಬ್ರೇಕಿನಲ್ಲಿ ನಮ್ಮ ವಾರ್ಡಿನ ಐರಿಷ್ ಹುಡುಗಿಯೊಬ್ಬಳು ತೋಳು ನೀವಿಕೊಳ್ಳುತ್ತಾ ಕೂತಿದ್ದಳು. ಏನಾಯ್ತು ಅಂತ ಕೇಳಿದೆ. ಬೇಸಿಗೆ ರಜೆಗೆ ಆಸ್ಟ್ರಿಯಾದ ಬೆಟ್ಟ ಹತ್ತೋಕೆ ಹೋಗ್ತಾಳಂತೆ. ಅಲ್ಲಿ ಉಣುಗು ಕಚ್ಚಿದರೆ ಮೆದುಳು ಜ್ವರ ಬರಬಹುದು ಅಂತ ಲಸಿಕೆಯ ಎರಡನೇ ಡೋಸ್ ಹಾಕಿಸಿಕೊಂಡು ಬಂದಿದ್ದಾಳೆ. ಹತ್ತು ದಿನದ ರಜೆಗೆ!

ಆಗ ನಕ್ಕೆ. ಬೆಳಿಗ್ಗೆ ಡಗ್ಲಸ್ ಬಸ್ಸಿನಲ್ಲಿ ಕೂತ ಮೇಲೆ ಹೊಟ್ಟೆ ಉರೀತು. ನಮ್ಮಮ್ಮ ಸಾಗರದ ಹತ್ತಿರ ಪ್ರತಿ ಬೇಸಿಗೆ ಕೊಟ್ಟಿಗೆಗೆ ದರಗು ತರೋಕೆ ಕಾಡಿಗೆ ಹೋಗ್ತಾಳೆ. ಅವಳಿಗೆ ಲಸಿಕೆ ಇಲ್ಲ.

ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಆ ಯುರೋಪಿನ ಮೆದುಳು ಜ್ವರದ ವೈರಸ್ಸೂ ದಾಯಾದಿಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಮೊದಲು ಹಳದಿ ಜ್ವರವೇನೋ ಅಂತ ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಅಂತ ಕಂಡುಹಿಡಿದರು. ರಷ್ಯಾ ಕಡೆಯ ಉಣುಗು ಜ್ವರದ ಲಸಿಕೆಯನ್ನೇ ನಮ್ಮವರ ಮೇಲೆ ಪ್ರಯತ್ನಿಸಿದರು, ಫಲ ಕೊಡಲಿಲ್ಲ. ಆಮೇಲೆ ನಮ್ಮದೇ ಲಸಿಕೆ ಬಂತು. ಆಸ್ಟ್ರಿಯಾ 1981ರಿಂದ ತನ್ನ ಜನಕ್ಕೆ ಸಾಮೂಹಿಕವಾಗಿ ಲಸಿಕೆ ಹಾಕಿಸುತ್ತಾ ಬಂದಿದೆ. ನಮ್ಮದನ್ನು 2022ರಲ್ಲಿ ನಿಲ್ಲಿಸಿಬಿಟ್ಟರು, ಶಕ್ತಿ ಸಾಲದು ಅಂತ. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಬದಲಿ ಸಿದ್ಧವಾಗುವ ತನಕ ಅದು ಯಾರಿಗೂ ಅವಸರದ ಕೆಲಸ ಅನ್ನಿಸಲಿಲ್ಲವಲ್ಲ, ಅದು ತಪ್ಪು.

"ನಮ್ಮ ಜನ ಲಸಿಕೆ ಹಾಕಿಸಿಕೊಳ್ಳಲ್ಲ, ಅರಿವಿಲ್ಲ" ಅನ್ನೋ ಮಾತನ್ನು ಓದಿದವರ ಬಾಯಲ್ಲೇ ಕೇಳಿದ್ದೇನೆ. 2005ರಿಂದ 2010ರವರೆಗಿನ ಲೆಕ್ಕ ನೋಡಿ ಮಾಡಿದ ಅಧ್ಯಯನದ ಪ್ರಕಾರ ಹಳೇ ಲಸಿಕೆ ಎರಡು ಡೋಸಿಗೆ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕೊಡ್ತಿತ್ತು. ಅಂದ್ರೆ ತಿಂಗಳ ಅಂತರದಲ್ಲಿ ಎರಡು, ಆರೇಳು ತಿಂಗಳಿಗೆ ಒಂದು, ಆಮೇಲೆ ವರ್ಷಾವರ್ಷ. ಚುಚ್ಚಿದ ಜಾಗ ಸಿಕ್ಕಾಪಟ್ಟೆ ನೋಯ್ತಿತ್ತು. ದಿನಗೂಲಿ ಹೆಂಗಸು ತೋಳೆತ್ತಲಾಗದೆ ಎರಡು ದಿನದ ಕೂಲಿ ಕಳೆದುಕೊಂಡರೆ ಮುಂದಿನ ಸಲ ಯಾಕೆ ಬರ್ತಾಳೆ? ಇಂಜೆಕ್ಷನ್ ಕೊಡೋದೇ ಕೆಲಸವಾದ ನಾನೂ ಬರ್ತಿರಲಿಲ್ಲ.

ಕಾಯಿಲೆ ಬಂದಮೇಲೆ ನಮ್ಮ ಕೈಲಿರೋದು ಬಹಳ ಕಡಿಮೆ. ಇಲ್ಲಿ ಐರ್ಲೆಂಡಿನಲ್ಲಿ ಉಣುಗು ಕಚ್ಚಿ ಲೈಮ್ ಕಾಯಿಲೆ ಬಂದರೆ ಅದು ಬ್ಯಾಕ್ಟೀರಿಯಾ, ಆಂಟಿಬಯೋಟಿಕ್ ಇದೆ. ಮಂಗನ ಕಾಯಿಲೆಗೆ ಅಂತಲೇ ಇರುವ ಔಷಧಿ ಒಂದೂ ಇಲ್ಲ. ಡ್ರಿಪ್ ಹಾಕು, ಜ್ವರ ಇಳಿಸು, ಪ್ಲೇಟ್ಲೆಟ್ ನೋಡ್ತಿರು, ರಕ್ತಸ್ರಾವ ಆಗುತ್ತಾ ಕಾಯ್ತಿರು. ನೂರರಲ್ಲಿ ಮೂರರಿಂದ ಐದು ಜನ ಉಳಿಯಲ್ಲ. 2019ರಲ್ಲಿ ಅರಳಗೋಡಿನ ಸುತ್ತ ಏನಾಯ್ತು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡ್ತಿವೆ. ಖುಷಿಯೇ. ಆದರೆ ಲ್ಯಾಬಿನಲ್ಲಿ ಆಂಟಿಬಾಡಿ ಬಂತು ಅಂದಮಾತ್ರಕ್ಕೆ ಕೆಲಸ ಮುಗಿಯಲ್ಲ. ಎಷ್ಟು ಡೋಸ್, ಎಷ್ಟು ನೋವು, ಅಡಿಕೆ ಕೊಯ್ಲಿನ ಹೊತ್ತಿಗೆ ಬರುತ್ತಾ ಅನ್ನೋದನ್ನೂ ಪರೀಕ್ಷೆಯ ಭಾಗವಾಗಿಯೇ ನೋಡಬೇಕು. ಅದಕ್ಕೆ ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರನ್ನು, ಎಎನ್‌ಎಂಗಳನ್ನು ಈಗಲೇ ಕೂರಿಸಿ ಕೇಳಿ. ಲಸಿಕೆ ಬಂದಮೇಲೆ ಕರೆದು ಗುರಿ ಕೊಡೋದಲ್ಲ.

"ವರ್ಷಕ್ಕೆ ಕೆಲವು ನೂರು ಕೇಸ್ ತಾನೇ" ಅಂತ ಕೇಳೋರಿದ್ದಾರೆ. ಈ ಕಾಯಿಲೆ ಪ್ರವಾಸಿಗರಿಗೆ ಬರೋದಾಗಿದ್ರೆ ಆ ನೂರರ ಬೆಲೆಯೇ ಬೇರೆ ಇರ್ತಿತ್ತು.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. "ಡೇಪಾ ಎಣ್ಣೆ ಹಚ್ಕೊಂಡು ಹೋಗೇ, ಬಂದ ಕೂಡ್ಲೆ ಬಿಸಿನೀರಲ್ಲಿ ಸ್ನಾನ ಮಾಡು" ಅಂದೆ. "ಬಾಟ್ಲಿ ಹೋದ್ವಾರನೇ ಖಾಲಿ ಆತು ಮಾರಾಯ್ತಿ, ಗಂಜಿ ಆರ್ತದೆ, ಇಡು" ಅಂದಳು.

ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ ಕಡೆಯವರು ಯಾರಾದ್ರೂ ಓದ್ತಿದ್ರೆ, ನಿಮ್ಮ ಮನೇಲಿ ಹಳೇ ಲಸಿಕೆಯ ಬೂಸ್ಟರ್ ಎಷ್ಟು ಜನ ಪೂರ್ತಿ ಮಾಡಿದ್ರಿ, ಬಿಟ್ಟಿದ್ರೆ ಯಾಕೆ ಬಿಟ್ರಿ, ಕೆಳಗೆ ಬರೀರಿ.