‘ಬಾಗಲಕೋಟಿಗೆ ಒಯ್ರಿ’ ಅನ್ನುವ ಮುಂಚೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,


2014ರ ನವೆಂಬರಿನಿಂದ ಸುಮಾರು ಎರಡು ವರ್ಷ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ‘ಕ್ಲಿಪ್’ ಎಂಬ ದೊಡ್ಡ ಅಧ್ಯಯನವೊಂದು ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ ನಡೆಸಿದ ಈ ಅಧ್ಯಯನದಲ್ಲಿ 14 ಸಾವಿರಕ್ಕೂ ಹೆಚ್ಚು ಬಸುರಿಯರ ಲೆಕ್ಕ ಇಡಲಾಯಿತು. ಅರ್ಧದಷ್ಟು ಕಡೆ ಆಶಾ ಕಾರ್ಯಕರ್ತೆಯರೂ ಕಿರಿಯ ಆರೋಗ್ಯ ಸಹಾಯಕಿಯರೂ ಮನೆಮನೆಗೆ ಹೋದರು. ಬಿಪಿ ನೋಡಿದರು, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಬೆರಳಿನಿಂದ ಅಳೆದರು, ಕೈಯಲ್ಲಿದ್ದ ಮೊಬೈಲು ಅಪಾಯ ಎಷ್ಟೆಂದು ಹೇಳಿತು. ಬಿಪಿ ತೀರಾ ಏರಿದ್ದರೆ ಮಿಥೈಲ್‌ಡೋಪಾ ಗುಳಿಗೆ, ಝಟಕಿ ಬರುವ ಸೂಚನೆಯಿದ್ದರೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್, ಆಮೇಲೆ ದೊಡ್ಡ ಆಸ್ಪತ್ರೆಗೆ ಚೀಟಿ. ಗರ್ಭನಂಜಿನಿಂದ ಸಾಯುವ ತಾಯಿ, ಸಾಯುವ ಕೂಸು ಇದರಿಂದ ಕಡಿಮೆಯಾಗಬೇಕಿತ್ತು.

ಆಗಲಿಲ್ಲ. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲಿ ನಡೆದ ಜೋಡಿ ಅಧ್ಯಯನಗಳದೂ ಇದೇ ಕಥೆ. ಆದರೆ ಆ ಕಾರ್ಯಕರ್ತೆಯರು ಎಂಟು ಸಲವಾದರೂ ಭೇಟಿಯಾದ ಬಸುರಿಯರಲ್ಲಿ ಹೊಟ್ಟೆಯಲ್ಲೇ ಕೂಸು ತೀರಿಹೋಗುವುದು ಕಡಿಮೆಯಿತ್ತು. ಸಂಶೋಧಕರು ಮುಚ್ಚುಮರೆಯಿಲ್ಲದೆ ಬರೆದದ್ದು ಇಷ್ಟು: ಹಳ್ಳಿಯಲ್ಲಿ ಕೆಲಸ ಮಾಡುವ ಕೈಗಳು ಹೆಚ್ಚಬೇಕು, ಆಸ್ಪತ್ರೆಗಳ ವ್ಯವಸ್ಥೆಯೂ ಗಟ್ಟಿಯಾಗಬೇಕು. ನಾನು ಇದನ್ನು ಸೋತ ಅಧ್ಯಯನ ಎನ್ನಲಾರೆ. ಹಳ್ಳಿಯ ತುದಿಯಲ್ಲಿ ಏನೆಲ್ಲ ಮಾಡಿದರೂ ಚೀಟಿ ಹಿಡಿದು ಹೋದ ಜಾಗದಲ್ಲಿ ಡಾಕ್ಟರು, ರಕ್ತ, ಅರವಳಿಕೆ ಇಲ್ಲದಿದ್ದರೆ ಜೀವ ಉಳಿಯುವುದಿಲ್ಲ ಎಂಬುದನ್ನು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೇ ಸಾಕ್ಷಿ ನಿಂತು ತೋರಿಸಿಕೊಟ್ಟಿದ್ದಾರೆ. ಆ ಸಾಕ್ಷ್ಯದ ಮೇಲೆ ನಿಮ್ಮ ಇಲಾಖೆ ಏನು ಮಾಡುತ್ತದೆ ಎಂದು ಕೇಳಲು ಈ ಪತ್ರ.

ಅಪಾಯದ ಬಸುರಿಯನ್ನು ಗುರುತಿಸುವುದರಲ್ಲಿ ನಾವೀಗ ಹಿಂದೆ ಬಿದ್ದಿಲ್ಲ. 2016ರಿಂದ ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ತಪಾಸಣೆಯಿದೆ. ಹಿಮೋಗ್ಲೋಬಿನ್ ಏಳಕ್ಕಿಂತ ಇಳಿದವರು, ಬಿಪಿ ಏರಿದವರು, ಹಿಂದೆ ಸಿಸೇರಿಯನ್ ಆದವರು, ಜೋಡಿ ಕೂಸು ಹೊತ್ತವರು, ಇನ್ನೂ ಹುಡುಗಿಯರಾಗಿಯೇ ಬಸುರಾದವರು, ಇವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಬೀಳುತ್ತದೆ. 2022ರಿಂದ ಇಂಥ ಒಬ್ಬೊಬ್ಬರನ್ನೂ ಹೆಸರು ಹಿಡಿದು, ಹೆರಿಗೆಯಾಗಿ 45 ದಿನದವರೆಗೆ ಹಿಂಬಾಲಿಸಬೇಕೆಂಬ ನಿಯಮವೂ ಬಂದಿದೆ. ಸ್ಟಿಕ್ಕರ್ ಅಂಟಿಸುವುದು ಸುಲಭ. ಅದು ಅಂಟಿದವಳು ರಾತ್ರಿ ಹನ್ನೊಂದಕ್ಕೆ ತಲೆನೋವು, ಕಣ್ಣು ಮಂಜು ಅಂತ ಬಂದರೆ ಏನಾಗುತ್ತದೆ ನೋಡಿ.

ಹಳ್ಳಿಯಿಂದ 108ರಲ್ಲಿ ಇಳಕಲ್ಲಿಗೋ ಹುನಗುಂದಕ್ಕೋ ಬರುತ್ತಾಳೆ. ಅಲ್ಲಿ ಕೂಡಲೇ ಸಿಸೇರಿಯನ್ ಮಾಡಬೇಕಾದರೆ ಹೆರಿಗೆ ತಜ್ಞೆ ಒಬ್ಬರೇ ಸಾಲದು. ಅರವಳಿಕೆ ಕೊಡುವವರು ಬೇಕು, ಕೂಸನ್ನು ನೋಡಿಕೊಳ್ಳುವ ಮಕ್ಕಳ ಡಾಕ್ಟರು ಬೇಕು, ಫ್ರಿಜ್ಜಿನಲ್ಲಿ ಹೊಂದುವ ಗುಂಪಿನ ರಕ್ತ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಮೂರು ಇದ್ದೂ ಇಲ್ಲದಂತೆ. ಹೆಚ್ಚಾಗಿ ತಪ್ಪುವುದು ಅರವಳಿಕೆ. ರಾಜ್ಯದ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಹುದ್ದೆಗೆ ಒಬ್ಬರೇ ಇರುತ್ತಾರೆ, ಅವರಿಗೂ ನಿದ್ದೆ ಬೇಕು, ರಜೆ ಬೇಕು, ಅವರ ಮನೆಯಲ್ಲೂ ಮದುವೆ-ಮುಂಜಿ ಇರುತ್ತವೆ. ಆಗ ಕೇಳುವ ಮಾತು ಒಂದೇ: ‘ಇಲ್ಲಿ ಆಗೂದಿಲ್ಲ, ಬಾಗಲಕೋಟಿಗೆ ಒಯ್ರಿ.’ ಇಳಕಲ್ಲಿನಿಂದ ಬಾಗಲಕೋಟೆಯ ನವನಗರಕ್ಕೆ ಒಂದು ತಾಸಿಗೂ ಮೇಲೆ. ಅಲ್ಲಿಯೂ ಕೈ ಮೀರಿತು ಎಂದರೆ ಹುಬ್ಬಳ್ಳಿ ಇಲ್ಲವೇ ಬೆಳಗಾವಿ. ನೂರು ಕಿಲೋಮೀಟರಿಗೂ ಹೆಚ್ಚು. ಹೆರಿಗೆಯಾದ ಮೇಲಿನ ಜೋರು ರಕ್ತಸ್ರಾವ ಎರಡು ತಾಸಿನಲ್ಲಿ ಪ್ರಾಣ ತೆಗೆಯಬಲ್ಲದು. ಬಾದಾಮಿಗೆ ಬಾಗಲಕೋಟೆ ಕೊಂಚ ಹತ್ತಿರ, ನಿಜ. ಆದರೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಯ ಸುತ್ತ ನೀರು ನಿಂತಾಗ ಆ ಹತ್ತಿರಕ್ಕೂ ಅರ್ಥ ಉಳಿದಿರಲಿಲ್ಲ.

ಇನ್ನೊಂದು ತೊಡಕು ಬೆಂಗಳೂರಿನ ಕಂಪ್ಯೂಟರಿಗೆ ಕಾಣುವುದಿಲ್ಲ. ನಮ್ಮ ಕಡೆ ಕುಬಸ (ಸೀಮಂತ) ಆಯಿತೆಂದರೆ ಚೊಚ್ಚಲ ಬಸುರಿ ತವರಿಗೆ ಹೊರಡುತ್ತಾಳೆ. ಇಳಕಲ್ಲಿನ ಸೊಸೆಗೆ ತವರು ಬಾದಾಮಿ ತಾಲ್ಲೂಕಿನಲ್ಲಿರಬಹುದು, ಗಡಿ ದಾಟಿ ಕುಷ್ಟಗಿಯಲ್ಲೋ ಲಿಂಗಸೂರಿನಲ್ಲೋ ಇರಬಹುದು. ಏಳನೇ ತಿಂಗಳವರೆಗೆ ಅವಳ ಬಿಪಿ ಬಲ್ಲ ಆಶಾ ಇಲ್ಲಿ ಉಳಿಯುತ್ತಾಳೆ. ಬಿಪಿ ಏರುವ ಎಂಟು-ಒಂಬತ್ತನೇ ತಿಂಗಳಿಗೆ ಬಸುರಿ ಬೇರೆ ಊರಿನಲ್ಲಿ ಹೊಸ ಮುಖ. ದುಡಿಯಲು ಗೋವಾಕ್ಕೆ, ಮಂಗಳೂರಿಗೆ ಹೋಗುವ ಮನೆಗಳಲ್ಲಂತೂ ತಾಯಿ ಕಾರ್ಡೇ ಗಂಟಿನೊಳಗೆ ಎಲ್ಲಿ ಸೇರಿತೋ ಹುಡುಕಬೇಕು. ಕೆಂಪು ಸ್ಟಿಕ್ಕರಿನ ಹೆಣ್ಣುಮಗಳು ಊರು ಬಿಡುವ ದಿನ ಎರಡೂ ಕಡೆಯ ಆಶಾಗಳು ಫೋನಿನಲ್ಲಿ ಮಾತಾಡಿ ಅವಳನ್ನು ಒಪ್ಪಿಸಿಕೊಳ್ಳಬೇಕು. ಆ ಕೆಲಸಕ್ಕೆ ಬೇರೆ ಗೌರವಧನವಿರಬೇಕು. ಹೊಸ ಆ್ಯಪ್ ಮಾತ್ರ ಬೇಡ, ದಯವಿಟ್ಟು. ಇರುವ ಆ್ಯಪ್‌ಗಳನ್ನು ತುಂಬಿಯೇ ಆಶಾಗಳಿಗೆ ಸಾಕಾಗಿಹೋಗಿದೆ.

ಸಂಶೋಧನೆಯ ವಿಷಯಕ್ಕೆ ಬರುತ್ತೇನೆ. ಈ ಸೀಮೆಯ ಹೆಣ್ಣುಮಕ್ಕಳು ಜಗತ್ತಿನ ಹೆರಿಗೆ ವೈದ್ಯಕ್ಕೆ ಕೊಟ್ಟದ್ದು ಸಣ್ಣದಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆ ರಕ್ತಸ್ರಾವವನ್ನು ಶೇ 12ರಿಂದ ಶೇ 6.4ಕ್ಕೆ ಇಳಿಸಿತು. ದಿನಕ್ಕೊಂದು ಸಣ್ಣ ಆಸ್ಪಿರಿನ್ ಗುಳಿಗೆ ಅವಧಿಗೆ ಮುಂಚಿನ ಹೆರಿಗೆಯನ್ನು ತುಸು ತಗ್ಗಿಸುತ್ತದೆ ಎಂದು 2020ರಲ್ಲಿ ತೋರಿಸಿದ, ಆರು ದೇಶಗಳ ಸುಮಾರು 12 ಸಾವಿರ ಚೊಚ್ಚಲ ಬಸುರಿಯರ ಅಧ್ಯಯನದಲ್ಲೂ ಬೆಳಗಾವಿಯವರಿದ್ದರು. ಆ ಗುಳಿಗೆಯನ್ನು 14ನೇ ವಾರದೊಳಗೆ ಶುರು ಮಾಡಿದ್ದರು. ಮೂರು ತಿಂಗಳು ತುಂಬುವ ತನಕ ಬಸುರಾದ ಸುದ್ದಿ ಹೊರಗೆ ಬಿಡದ ಮನೆಗಳಲ್ಲಿ ಅದನ್ನು ಹೇಗೆ ಮುಟ್ಟಿಸುವುದು? ಇದನ್ನು ಜಿನೀವಾದಲ್ಲಿ ಕೂತು ಕಂಡುಹಿಡಿಯಲಾಗದು. ಗುಳೇದಗುಡ್ಡದಲ್ಲಿ, ಕಮತಗಿಯಲ್ಲಿ, ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಕೇಳಬೇಕು.

ಅದಕ್ಕೇ ಬಾಗಲಕೋಟೆಯಲ್ಲಿ ಅಪಾಯದ ಬಸಿರಿಗೆಂದೇ ಒಂದು ಘಟಕ ಬೇಕು ಎನ್ನುತ್ತಿದ್ದೇನೆ. ಹೆರಿಗೆ ವಾರ್ಡಿನ ಪಕ್ಕದಲ್ಲೇ ತೀವ್ರ ನಿಗಾ ಹಾಸಿಗೆಗಳು, ಗರ್ಭದೊಳಗಿನ ಕೂಸಿನ ಸ್ಕ್ಯಾನ್ ಓದಬಲ್ಲ ತಜ್ಞರು, ಹೃದಯದ ಕಾಯಿಲೆಯಿರುವ ಬಸುರಿಯನ್ನು ನೋಡುವ ಫಿಜಿಶಿಯನ್, ಪಕ್ಕದಲ್ಲಿ ನವಜಾತ ಶಿಶು ಘಟಕ. ಅದರೊಳಗೇ ಒಂದು ಸಂಶೋಧನಾ ವಿಭಾಗ. ಅದು ತನ್ನ ಫಲಿತಾಂಶವನ್ನು ವಿದೇಶದ ಪತ್ರಿಕೆಗೆ ಕಳಿಸಿದ ತಿಂಗಳೇ ಕನ್ನಡದಲ್ಲಿ ಬರೆದು, ಹೆಸರು ಕೊಟ್ಟ ಹೆಣ್ಣುಮಕ್ಕಳಿಗೂ ಆಶಾಗಳಿಗೂ ತಿಳಿಸಬೇಕು. ಇದಕ್ಕೆ ಹೊಸ ಕಟ್ಟಡ ಎದ್ದೇಳುವವರೆಗೆ ಕಾಯಬೇಕಿಲ್ಲ. ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಅದೇ ಊರಿನಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವೂ ಇದೆ. ಎಂಬಿಬಿಎಸ್ ಮಾಡಿದವರಿಗೆ ತುರ್ತು ಹೆರಿಗೆಗೆ ಬೇಕಾದಷ್ಟು ಅರವಳಿಕೆ ಕಲಿಸುವ ತರಬೇತಿ ಸರ್ಕಾರದ ಕಡತದಲ್ಲಿ ಹಳೆಯ ಸಂಗತಿ. ಇವನ್ನೆಲ್ಲ ಒಂದು ಆದೇಶದಡಿ ಜೋಡಿಸುವುದು ಮಂತ್ರಿಗಳಿಂದಲೇ ಆಗಬೇಕಾದ ಕೆಲಸ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯ ಬೆಚ್ಚಿಬಿತ್ತು. ಆ ಮೇಲಿನ ಪರಿಶೋಧನೆ, ಬಹುಪಾಲು ತಾಯಂದಿರ ಸಾವು ತಪ್ಪಿಸಬಹುದಾಗಿತ್ತು ಎಂದಿತು. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರೆ ಕೇರಳದಲ್ಲಿ 19. ಅಲ್ಲಿನ ಹೆರಿಗೆ ತಜ್ಞರು 2004ರಿಂದ ಪ್ರತಿ ಸಾವನ್ನೂ ಗುಟ್ಟಾಗಿ, ಯಾರ ಮೇಲೂ ತಪ್ಪು ಹೊರಿಸದೆ ಪರೀಕ್ಷಿಸಿ, ಕಲಿತದ್ದನ್ನು ಪುಸ್ತಕವಾಗಿ ಹಂಚುತ್ತ ಬಂದಿದ್ದಾರೆ. ನಮ್ಮಲ್ಲಿ ಸಾವಾದಾಗ ಮೊದಲು ಹೊರಡುವುದು ಅಮಾನತು ಆದೇಶ. ಹೆದರಿದ ಡಾಕ್ಟರು ಮುಂದಿನ ಕೆಂಪು ಸ್ಟಿಕ್ಕರನ್ನು ಮುಟ್ಟದೆ ‘ಮ್ಯಾಲ’, ಅಂದರೆ ದೊಡ್ಡ ಆಸ್ಪತ್ರೆಗೆ, ಬರೆದುಕೊಡುತ್ತಾರೆ. ಬಾಗಲಕೋಟೆಯಿಂದಲೇ ಕೇರಳದ ಪದ್ಧತಿ ಶುರುವಾಗಲಿ.

ದೊಡ್ಡ ಘಟಕಕ್ಕೆ ಬಜೆಟ್ಟು, ಸಂಪುಟ, ಟೆಂಡರು ಎಲ್ಲ ಬೇಕೆಂದು ಬಲ್ಲೆ. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಹುನಗುಂದ, ಇಳಕಲ್ಲ, ಬಾದಾಮಿಯ ಸರ್ಕಾರಿ ಆಸ್ಪತ್ರೆಗಳ ಬಾಗಿಲಲ್ಲಿ ದಿನವೂ ಸಂಜೆ ಆರಕ್ಕೆ ಒಂದು ಬೋರ್ಡು ಬರೆಸಿ: ಈ ರಾತ್ರಿ ಹೆರಿಗೆ ತಜ್ಞರು ಯಾರು, ಅರವಳಿಕೆ ಯಾರು, ಯಾವ ಗುಂಪಿನ ರಕ್ತ ಎಷ್ಟು ಚೀಲವಿದೆ. ಅದೇ ಪಟ್ಟಿ 108ರ ಚಾಲಕರ ಫೋನಿಗೂ ಹೋಗಲಿ. ಹುನಗುಂದದ ಸಾಲು ಖಾಲಿಯಿದ್ದರೆ ಅವರು ಅಲ್ಲಿ ನಿಲ್ಲದೆ ನೇರ ಬಾಗಲಕೋಟೆಗೆ ಓಡಿಸುತ್ತಾರೆ. ಯಾವ ಊರಿನ ಸಾಲು ಎಷ್ಟು ರಾತ್ರಿ ಖಾಲಿಯಿತ್ತು ಎಂಬ ಲೆಕ್ಕ ತಿಂಗಳ ಕೊನೆಗೆ ನಿಮ್ಮ ಮೇಜಿಗೆ ಬರಲಿ, ಪತ್ರಿಕೆಗಳಿಗೂ ಕೊಡಿ. ಯಾವ ತಿಂಗಳಿಂದ ಶುರುಮಾಡುತ್ತೀರಿ ಎಂದು ಬರೆದು ತಿಳಿಸಬೇಕಾಗಿ ವಿನಂತಿ.

ಇಂತಿ,
ಹುನಗುಂದ ಸೀಮೆಯ ಒಬ್ಬ ನಾಗರಿಕ