ಹೊಸ ಬಾಡಿಗೆಯವರೂ ಹಳೆಯ ಸೋರಿಕೆಯೂ

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಕೆಂಗೇರಿ ಉಪನಗರದ ನಿವೃತ್ತ ಉಪಾಧ್ಯಾಯರೊಬ್ಬರ ಹಳೆಯ ಗಣಕಯಂತ್ರವು ವಿಂಡೋಸ್ ೧೧ರ ನಿಬಂಧನೆಗಳಿಗೆ ಒಗ್ಗದ್ದರಿಂದ, ಮಗನು ತಂದೆಯ ಬರಹಗಳನ್ನು ಮುಟ್ಟದೆ ಅದರಲ್ಲಿ ಲಿನಕ್ಸನ್ನು ಸ್ಥಾಪಿಸಿದನು. ಮರುದಿನದಿಂದಲೇ ಯಂತ್ರವು ಹೊತ್ತುಗೊತ್ತಿಲ್ಲದೆ ಸ್ತಬ್ಧವಾಗತೊಡಗಿತು.

“ಎಲ್ಲವನ್ನೂ ಅಳಿಸಿ ಮತ್ತೆ ಹಾಕುತ್ತೇನೆ, ಅಪ್ಪ” ಎಂದನು ಮಗ.

“ಹದಿನೈದು ವರ್ಷ ಕೂಡಿಟ್ಟ ಗಾದೆಗಳು ಅದರಲ್ಲಿವೆಯಪ್ಪ!” ಎಂದು ತಾಯಿ ತಡೆದರು.

ಅದು ವಿವೇಕದ ಮಾತು. ಮೊದಲು ಬರಹಗಳನ್ನು ಪೆನ್‌ಡ್ರೈವಿಗೆ ಇಳಿಸಿ, ಒಂದೊಂದನ್ನೂ ತೆರೆದು ನೋಡಿದರು. ಬಳಿಕ, ಯಂತ್ರವು ಯಾವಾಗ ನಿಲ್ಲುತ್ತದೆಂಬುದನ್ನು ಪುಸ್ತಕದಲ್ಲಿ ಗುರುತು ಹಾಕಿದರು. ಚಲನಚಿತ್ರ ನೋಡುವಾಗ ಮಾತ್ರ ನಿಂತರೆ ಚಿತ್ರಭಾಗದ ಚಾಲಕ ತಂತ್ರಾಂಶವನ್ನು ಶಂಕಿಸಬೇಕು. ಬಿಸಿಯೇರಿದ ಮೇಲೆ ನಿಂತರೆ ಫ್ಯಾನಿನ ಧೂಳನ್ನು. ಇಲ್ಲಿ ಯಾವ ನಿಯಮವೂ ಕಾಣಲಿಲ್ಲ. ಆದ್ದರಿಂದ ರಾತ್ರಿಯಿಡೀ ಮೆಮ್‌ಟೆಸ್ಟ್ ನಡೆಸಿ ಸ್ಮೃತಿಯನ್ನು ಪರೀಕ್ಷಿಸಿದರು. ಬೆಳಗ್ಗೆ ಪರದೆಯ ಮೇಲೆ ತಪ್ಪುಗಳ ಸಾಲೇ ಇತ್ತು! ಎರಡು ರ‍್ಯಾಮ್ ಪಟ್ಟಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದಾಗ ಒಂದು ಕೆಟ್ಟಿತ್ತು.

ಹಾಗಾದರೆ ವಿಂಡೋಸ್ ಇದ್ದಾಗ ತೊಂದರೆ ಏಕಿರಲಿಲ್ಲ? ಹೆಂಚು ಸೋರುವ ಮೂಲೆಯಲ್ಲಿ ಹಿಂದಿನ ಬಾಡಿಗೆಯವರು ಏನನ್ನೂ ಇಟ್ಟಿರಲಿಲ್ಲ; ಹೊಸಬರು ಅಲ್ಲಿಯೇ ಹಾಸಿಗೆ ಹಾಸಿದರು. ಒಂದೊಂದು ವ್ಯವಸ್ಥೆಯೂ ಸ್ಮೃತಿಯನ್ನು ತನ್ನದೇ ರೀತಿಯಲ್ಲಿ ಬಳಸುತ್ತದೆ.

ಕೆಟ್ಟ ಪಟ್ಟಿಯನ್ನು ತೆಗೆದ ಮೇಲೆ ಯಂತ್ರವು ನಿಲ್ಲಲಿಲ್ಲ. ಉಪಾಧ್ಯಾಯರು ಗಾದೆಗಳ ಸಂಗ್ರಹವನ್ನು ಮುಂದುವರಿಸಿದರು. ಪೆನ್‌ಡ್ರೈವು ಮಾತ್ರ ಮನೆಯಾಕೆಯ ಬೀರುವಿನಲ್ಲಿ ಭದ್ರವಾಗಿದೆ.