ಗರಸಿನ ಚಿನ್ನ, ನೆಲದ ನೀರು

ಚಿನ್ನದ ಬೆಲೆ ಏರಿದಾಗಲೆಲ್ಲ ಒಂದು ವಾದ ತಲೆಯೆತ್ತುತ್ತದೆ: ಪುರಾತನ ಹೊಳೆಗಳು ಬಿಟ್ಟುಹೋದ ಗರಸಿನಲ್ಲಿ ಚಿನ್ನವಿದೆ, ಜಲಗಾರನ ಮರಿಗೆಗೆ ದಕ್ಕದ್ದು ದೊಡ್ಡ ಯಂತ್ರಕ್ಕೆ ದಕ್ಕುತ್ತದೆ. ಈ ವಾದವನ್ನು ಒರೆಗೆ ಹಚ್ಚಲೇಬೇಕು.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳ ಎರೆಮಣ್ಣಿನ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ ಬಸಾಲ್ಟ್. ಕೋಲಾರ, ಹಟ್ಟಿಗಳ ಚಿನ್ನದ ಶಿಲೆಗಳಾದರೋ 250 ಕೋಟಿ ವರ್ಷಗಳಿಗೂ ಹಿಂದಿನವು. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಸಾರವಾಡದತ್ತ ಹರಿದುಬರುವ ಡೋಣಿ ನದಿಯ ಗರಸು ಆ ಬಸಾಲ್ಟೇ ಸವೆದು ಆದದ್ದು. ತಾಯಿಬಂಡೆಯಲ್ಲಿಲ್ಲದ ಚಿನ್ನ ಗರಸಿಗೆ ಎಲ್ಲಿಂದ ಬಂದೀತು?

ಇದೇ ಹೆಸರಿನ ಇನ್ನೊಂದು ಡೋಣಿ ಗದಗ ಜಿಲ್ಲೆಯ ಕಪ್ಪತಗುಡ್ಡದ ಸೆರಗಿನಲ್ಲಿದೆ. ಆ ಗುಡ್ಡದ ಶಿಲೆಯಲ್ಲಿ ಚಿನ್ನವುಂಟು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಸೀಮೆಯ ಚಿನ್ನವನ್ನು ಕುರಿತು ಬರೆದರು. ಅಲ್ಲಿಯೂ ಹಳ್ಳದ ಮರಳು ಜಲಗಾರರಿಗೆ ಕೊಟ್ಟದ್ದು ಹೊಟ್ಟೆಪಾಡನ್ನೇ ಹೊರತು ಸಿರಿಯನ್ನಲ್ಲ. ಗಣಿಗಾರಿಕೆಯ ಕಣ್ಣು ಬಿದ್ದ ಆ ಗುಡ್ಡವನ್ನು ಜನರು ಹೋರಾಡಿ ಉಳಿಸಿಕೊಂಡರು. ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು.

ಗರಸಿನಲ್ಲಿ ನಿಜವಾಗಿಯೂ ಚಿನ್ನವಿದ್ದ ನಾಡಿನ ಗತಿಯೇನಾಯಿತು? ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದಲ್ಲಿ ಹತ್ತೊಂಬತ್ತನೆಯ ಶತಮಾನದ ಕಂಪನಿಗಳು ಪುರಾತನ ನದಿಗಳ ಗರಸುಗುಡ್ಡಗಳನ್ನು ರಭಸದ ನೀರಿನಿಂದ ಸೀಳಿದವು. ಚಿನ್ನವಿತ್ತು, ಯಂತ್ರವಿತ್ತು, ಲಾಭವೂ ಇತ್ತು. ಆದರೆ ಆ ಹೂಳು ಕೆಳಗಿನ ಕಣಿವೆಯ ನದಿಗಳನ್ನು ತುಂಬಿ ಹೊಲಗಳನ್ನು ಮುಚ್ಚಿತು. ರೈತರು ನ್ಯಾಯಾಲಯಕ್ಕೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಹೂಳನ್ನು ನದಿಗೆ ಬಿಡಕೂಡದೆಂದು ತೀರ್ಪಿತ್ತರು. ಹೂಳಿನ ಹೊಣೆ ತಲೆಯ ಮೇಲೆ ಬಿದ್ದೊಡನೆ ಆ ಉದ್ಯಮ ಕುಸಿಯಿತು. ಅಂದರೆ ಆ ಲಾಭ ಕೆಳಗಿನ ರೈತನ ನಷ್ಟದಿಂದ ಹುಟ್ಟಿದ್ದಾಗಿತ್ತು.

ಲೆಕ್ಕ ಸರಳವಾಗಿದೆ. ಟನ್ನು ಗರಸಿನಲ್ಲಿ 0.2 ಗ್ರಾಂ ಚಿನ್ನವಿದೆಯೆಂದೇ ಇಟ್ಟುಕೊಂಡರೂ 1 ಕಿಲೋ ಚಿನ್ನಕ್ಕೆ 5,000 ಟನ್ ಗರಸನ್ನು ತೊಳೆಯಬೇಕು. ಟನ್ನಿಗೆ 2,000 ಲೀಟರ್ ನೀರೆಂದರೆ ಒಂದು ಕೋಟಿ ಲೀಟರ್. ನೀರನ್ನು ಮರುಬಳಸುತ್ತೇವೆಂದು ಕಂಪನಿ ಹೇಳಬಹುದು. ಆಗಲೂ ಅಗೆದ ಹೊಂಡ, ಕದಡಿದ ಹೂಳು, ಗರಸು ಕಳೆದುಕೊಂಡು ನೀರು ಹಿಡಿದಿಡಲಾರದ ಹಳ್ಳ ಊರಿಗೇ ಉಳಿಯುತ್ತವೆ.

ಬರದಲ್ಲಿ ಟ್ಯಾಂಕರ್ ನೀರುಣಿಸಿ ದ್ರಾಕ್ಷಿ ಉಳಿಸಿಕೊಂಡ ತಿಕೋಟಾದ ರೈತನಿಗೆ, ಮಮದಾಪುರ ಕೆರೆಯನ್ನು ನಂಬಿದ ಬಬಲೇಶ್ವರ ಸೀಮೆಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಗರಕ್ಕೆ ತೊರವಿಯಿಂದ ಸುರಂಗದಲ್ಲಿ ನೀರು ತಂದ ಆದಿಲಶಾಹಿಗಳೂ ಈ ನೆಲದಲ್ಲಿ ಹುಡುಕಿದ್ದು ನೀರನ್ನೇ.

ಬೆಟ್ಟದ ಹಳ್ಳಿಗರೂ ವಿದ್ಯಾರ್ಥಿಗಳೂ ಗ್ರಾಮಸಭೆಯಲ್ಲಿ ಎತ್ತಬೇಕಾದ ಪ್ರಶ್ನೆಗಳು ಮೂರು: ತಾಯಿಬಂಡೆ ಎಲ್ಲಿದೆ? ನೀರು ಯಾರದು? ಹೂಳು ಯಾರ ಹೊಲಕ್ಕೆ? ಇವುಗಳಿಗೆ ಉತ್ತರವಿಲ್ಲದ ಕಾರ್ಯಸಾಧ್ಯತಾ ವರದಿ ಎಷ್ಟೇ ದಪ್ಪವಿದ್ದರೂ ಅದು ವರದಿಯಲ್ಲ, ಲೂಟಿಯ ಮುನ್ನುಡಿ.